ನೀಲಿ ಇಳಿಸು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನನ್ನ ಶಿಷ್ಯರೇ, ಎದುರಿಗೇ ಕೂತಿದ್ದರೂ ಈ ದೀಪಗಳ ದೆಸೆಯಿಂದ ನನ್ನ ಕಣ್ಣಿಗೆ ಬೀಳದಿರುವ ಸಭಿಕರೇ, ಮತ್ತು ಎಡಗಡೆ ಬಾಗಿಲ ಹೊರಗೆ ನಿಂತಿರುವ ನನ್ನ ಮಗಳೇ,

ಜೀವಮಾನವಿಡೀ ರಂಗಮಂದಿರಗಳಲ್ಲಿ ಇನ್ನೊಬ್ಬರ ಮುಖದ ಮೇಲೆ ಬೆಳಕು ಬಿಟ್ಟವನು ನಾನು. ಇವತ್ತು ನನ್ನ ಮುಖದ ಮೇಲೆ ಬಿಟ್ಟಿದ್ದೀರಿ. ಸಂತೋಷ. ಆದರೆ ನಾನು ಸಿಟ್ಟಿನಲ್ಲಿದ್ದೇನೆ, ಅದನ್ನು ಮುಚ್ಚಿಟ್ಟುಕೊಂಡು ಮಾತಾಡಲು ನಾನೇನು ನಟನಲ್ಲ.

ನನ್ನ ಮಗಳಿಗೆ ಬೆಳಕು ಆಗದು. ಇದು ಸೋಗಲ್ಲ, ಕಾಯಿಲೆ. ನಮ್ಮ ಮೈಯ ಜೀವಕೋಶಗಳೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಪುಟ್ಟ ಒಲೆಗಳಿವೆ. ರಕ್ತದ ಕೆಂಪು ಸಿದ್ಧವಾಗುವ ಕೊನೆಯ ಹಂತದಲ್ಲಿ, ಅಲ್ಲಿ ಪಾರ್ಫಿರಿನ್ ಎಂಬ ವಸ್ತುವಿಗೆ ಕಬ್ಬಿಣ ಸೇರಬೇಕು. ಇವಳಲ್ಲಿ ಸರಿಯಾಗಿ ಸೇರುವುದಿಲ್ಲ. ಪಾರ್ಫಿರಿನ್ ಹಾಗೇ ಉಳಿದು ತುಂಬಿಕೊಳ್ಳುತ್ತದೆ, ರಕ್ತದ ಜೊತೆ ಚರ್ಮಕ್ಕೂ ಬರುತ್ತದೆ. ಬೆಳಕು ಬಿತ್ತೋ, ಅದನ್ನು ಹೀರಿಕೊಂಡು ಪಕ್ಕದಲ್ಲಿರುವ ಆಮ್ಲಜನಕವನ್ನು ಕೆರಳಿಸಿ, ತಾನಿರುವ ಜೀವಕೋಶವನ್ನೇ ಸುಡುತ್ತದೆ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ ತಾನೇ?

ಸುಟ್ಟರೂ ಎಷ್ಟೋ ಸಲ ಮೇಲೆ ಗುರುತಿರುವುದಿಲ್ಲ. ಅದೇ ಅವಳ ದುರದೃಷ್ಟ. ಚಿಕ್ಕವಳಿದ್ದಾಗ ಬಕೆಟ್ ನೀರಿನಲ್ಲಿ ಕೈ ಅದ್ದಿಕೊಂಡು ಅಳುತ್ತಿದ್ದಳು. ಮೊದಲು ನೋಡಿದ ಡಾಕ್ಟರು, “ಗಾಯ ಎಲ್ಲಿದೆ, ತೋರಿಸಿ” ಎಂದರು. ಶಾಲೆಯ ಮೇಡಂ ನಕ್ಕು, “ನಾಟಕದವರ ಮಗಳಲ್ವಾ, ನಾಟಕ ಚೆನ್ನಾಗೇ ಬರುತ್ತೆ” ಎಂದರು. ಆ ಮೇಡಮ್ಮನ ನಗು ಇನ್ನೂ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದೆ. ಮನೆಗೆ ಬಂದವರಂತೂ ದೀಪದ ಕೆಳಗೆ ಕತ್ತಲೆ ಎಂಬ ಗಾದೆ ಹೇಳದೆ ಕಾಫಿ ಲೋಟ ಕೆಳಗಿಟ್ಟವರಲ್ಲ.

ನಾನು ರಂಗದ ಮೇಲೆ ತಂದ ಬೆಳಗುಗಳನ್ನು ನೀವೆಲ್ಲ ಹೊಗಳಿದಿರಿ. ಅವಳು ಒಂದನ್ನೂ ನೋಡಿಲ್ಲ. ಕೆಲಸ ಮುಗಿಸಿ ಮನೆಗೆ ಹೋದರೆ, “ಅಪ್ಪಾ, ಇವತ್ತು ಹೇಗೆ ಬೆಳಗಾಯ್ತು?” ಎಂದು ಕೇಳುವಳು. ನಾನು ಬಾಯಲ್ಲಿ ಹೇಳುವೆ. ಅವಳ ಅಮ್ಮ ಒಮ್ಮೆ, “ಊರಿಗೆಲ್ಲ ಬೆಳಗು ಮಾಡ್ತೀರಿ, ಇವಳಿಗೆ ಬರೀ ಕಥೆ ಹೇಳ್ತೀರಿ” ಎಂದು ಎದ್ದು ಹೋಗಿದ್ದಳು. ಇರಲಿ, ಅದು ಮನೆಯ ಮಾತು. ಯಾಕೆ ಬಂತೋ.

ಇವತ್ತಾದರೂ ಅಪ್ಪನನ್ನು ವೇದಿಕೆಯ ಮೇಲೆ ನೋಡಲಿ ಎಂದು, ಬೆಳಕಿನ ವಿಷಯದಲ್ಲಿ ಹುಷಾರಾಗಿರಿ ಎಂದು ಕಾರ್ಯದರ್ಶಿಗಳಿಗೆ ಮತ್ತೆ ಮತ್ತೆ ಹೇಳಿದೆ. “ಫೋಟೊ ಚೆನ್ನಾಗಿ ಬರಲ್ಲ ಸಾರ್. ಬೇಕಾದ್ರೆ ಅವ್ರು ಹೊರಗಡೆ ಸ್ಪೀಕರ್‌ನಲ್ಲಿ ಕೇಳಿಸ್ಕೊಳ್ಲಿ” ಎಂದರು. ಕೇಳಿಸಿಕೊಳ್ಳಬೇಕಂತೆ! ಹುಟ್ಟಿದಾಗಿನಿಂದ ಅವಳು ಮಾಡಿದ್ದು ಇನ್ನೇನು?

ನನ್ನ ಹಿರಿಯ ಶಿಷ್ಯನಿದ್ದಾನೆ, ಏನು ಹೇಳಿದರೂ, ದೀಪವನ್ನು ಮೆಲ್ಲಗೆ ಏರಿಸಿ ಇಳಿಸುವ ನಮ್ಮ ಗುಂಡಿಯ ಹಾಗೆ, ನಿಧಾನಕ್ಕೆ ಹೊತ್ತಿಕೊಳ್ಳುವುದರಿಂದ ಡಿಮ್ಮರ್ ಎಂದೇ ಹೆಸರು. ಅವನಿಗೆ ಮನಸ್ಸು ಕರಗಿತು. ಬಿಸಿಯ ಹಳದಿ ದೀಪಗಳನ್ನೆಲ್ಲ ತೆಗೆದು, ಎಲ್ಲ ಕಡೆ ನೀಲಿ ತುಂಬಿ, “ತಂಪು ಬೆಳಕು ಹಾಕಿದೀನಿ ಗುರುಗಳೇ, ಅಕ್ಕ ಧಾರಾಳವಾಗಿ ಬರಬಹುದು” ಎಂದ. ನಮ್ಮ ಕಸುಬಿನವರ ಬುದ್ಧಿಯೇ ಇದು. ನೀಲಿ ಎಂದರೆ ತಂಪು, ಹಳದಿ ಎಂದರೆ ಬಿಸಿ. ಅಯ್ಯಾ ಪುಣ್ಯಾತ್ಮ, ಪಾರ್ಫಿರಿನ್‌ಗೆ ನಮ್ಮ ಲೆಕ್ಕ ಗೊತ್ತೇ? ಅದು ಕಾಯುತ್ತಿರುವುದು ಶಾಖಕ್ಕಲ್ಲ, ಈ ನೇರಳೆಗೆ, ಈ ನೀಲಿಗೆ! ಅವಳು ಬಾಗಿಲ ತನಕ ಬಂದು, ಒಳಗೆ ಇಣುಕಿ, ಕೈ ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿದಳು. ನೀವು ಚಪ್ಪಾಳೆ ತಟ್ಟುತ್ತಿದ್ದಿರಿ. ನಾನು ನೋಡುತ್ತಿದ್ದೆ.

ಅಧ್ಯಕ್ಷರು ಕ್ಷಮಿಸಬೇಕು. ಈ ಸನ್ಮಾನದ ಫಲಕ ಆಮೇಲೆ ತೆಗೆದುಕೊಳ್ಳುತ್ತೇನೆ.

ಡಿಮ್ಮರ್, ನೀಲಿ ಇಳಿಸು. ಪೂರ್ತಿ. ಫೋಟೊಗೆಂದು ಹಾಕಿದ ಬಿಳಿಯದೂ ಇಳಿಸು. ಸಭಾಂಗಣದ ದೀಪಗಳನ್ನೂ ಆರಿಸು. ಗಾಬರಿಯಾಗಬೇಡಿ ಕಾರ್ಯದರ್ಶಿಗಳೇ, ಕರೆಂಟು ಹೋಗಿಲ್ಲ. ಈಗ ಆ ಮೂಲೆಯಲ್ಲಿರುವ ನನ್ನ ಹಳೇ ದೀಪದ ಮುಂದೆ ಆ ದಪ್ಪ ಕಿತ್ತಳೆ ಬಣ್ಣದ ಹಾಳೆ ಹಾಕು. ನೀಲಿ ಒಂದಿಷ್ಟೂ ಸೋರಬಾರದು. ನೆಲದಿಂದ ಶುರುಮಾಡು. ನಿಧಾನ... ಇನ್ನೂ ನಿಧಾನ. ನಿನ್ನ ಹೆಸರಿಗೆ ತಕ್ಕ ಹಾಗೆ. ಹಾಂ, ಅಷ್ಟೇ. ಸಾಕು.

ಬಾ ಮಗಳೇ. ಮುಂದಿನ ಸಾಲಿನಲ್ಲಿ ಕೂತ್ಕೋ. ಕೈ ಮುಚ್ಕೋಬೇಡ, ನೋಡು. ಇವತ್ತು ಹೀಗೆ ಬೆಳಗಾಯ್ತು.

ಸಭಿಕರೇ, ಕೂತು ಕೇಳಿದ್ದಕ್ಕೆ ಕೃತಜ್ಞ. ನಾನು ಕೈ ಮುಗಿದದ್ದು ಹಿಂದಿನ ಸಾಲಿನವರಿಗೆ ಕಾಣದಿರಬಹುದು. ಮುಗಿದಿದ್ದೇನೆ. ನಮಸ್ಕಾರ.