ಇದು ನವಿಲಲ್ಲ, ಟಿಟ್ಟಿಭ

ನಮ್ಮ ನಾಗರಿಕ ವೇದಿಕೆಯ ಅಧ್ಯಕ್ಷರೂ ಬಡಾವಣೆಗಳ ನಿರ್ಮಾಪಕರೂ ಆದ ಶ್ರೀ ಅನಂತರಾಜು ಅವರೇ, ಅವರ ಅಕ್ಕಪಕ್ಕದಲ್ಲಿರುವ ಗಣ್ಯರೇ, ಊಟದ ವಾಸನೆ ಬಂದರೂ ಕುರ್ಚಿ ಬಿಡದೆ ಕೂತಿರುವ ಕೆಂಪಾಪುರದ ಸಭಿಕರೇ, ಮತ್ತು ಮೂರನೇ ಸಾಲಿನಿಂದ "ಬೇಡ, ಸುಮ್ನಿರು" ಎಂದು ನನಗೆ ಕೈಸನ್ನೆ ಮಾಡುತ್ತಿರುವ ಗೆಳತಿ ಮುನಿಕೃಷ್ಣಮ್ಮ,

ಕೈಮಗ್ಗದ ಉಡುಪುಗಳ ಸ್ಪರ್ಧೆಯಲ್ಲಿ ನಾನು ಹೊಲಿದ ಬಟ್ಟೆಗೆ ಬಹುಮಾನ ಬಂತೆಂದು, ಟೈಲರ್ ಅಂಗಡಿಯ ಈ ಮಾಲಾಳನ್ನು ಕರೆದು ಸನ್ಮಾನ ಮಾಡಿದ್ದೀರಿ. ಸಂತೋಷ. ನಾಲ್ಕು ಒಳ್ಳೆಯ ಮಾತಾಡಿ ಕೂರೋಣವೆಂದೇ ಬಂದಿದ್ದೆ. ಆದರೆ ಅಧ್ಯಕ್ಷರು ಈಗಷ್ಟೇ ಆಡಿದ್ದನ್ನು ಕೇಳಿದ ಮೇಲೆ ಒಳ್ಳೆಯ ಮಾತು ಬಾಯಿಗೆ ಬರುತ್ತಿಲ್ಲ. ಅದಕ್ಕೆ ಕ್ಷಮೆಯನ್ನೂ ಕೇಳುವುದಿಲ್ಲ.

ಅಧ್ಯಕ್ಷರು ನನ್ನ ಬಟ್ಟೆಯನ್ನು ನವಿಲಿನ ಉಡುಪು ಎಂದರು. ನನ್ನ ಹಿಂದಿನ ಬ್ಯಾನರಿನಲ್ಲೂ ಗರಿ ಬಿಚ್ಚಿದ ನವಿಲೇ ನಿಂತಿದೆ. ಹಕ್ಕಿ ಎಂದರೆ ನವಿಲೊಂದೇ ಏನು? ಆ ಬಟ್ಟೆಯಲ್ಲಿ ನಾನು ಒಂದೆಳೆ ನೀಲಿ ಬಳಸಿಲ್ಲ, ಸ್ವಾಮಿ! ಇನ್ನೊಂದು ವಿಷಯ. ಆ ಉದ್ದನೆಯ ಗರಿಯೆಲ್ಲ ಗಂಡು ನವಿಲಿನದು. ಹೆಣ್ಣಿಗೆ ಅದಿಲ್ಲ. ಅಲ್ಲೂ ಆಸ್ತಿ ಪೂರ್ತಿ ಗಂಡಿನ ಪಾಲಿಗೇ ಹೋಗಿದೆ. ನಗಿ, ಪರವಾಗಿಲ್ಲ. ಸ್ವಲ್ಪ ಹೊತ್ತಿಗೆ ನೀವೇ ನಿಲ್ಲಿಸುತ್ತೀರಿ.

ನಾನು ಹೊಲಿದದ್ದು ಟಿಟ್ಟಿಭವನ್ನು. ನಮ್ಮ ಕಡೆ ಖಾಲಿ ಸೈಟುಗಳಲ್ಲಿ, ಹೆಬ್ಬಾಳದ ಕೆರೆಯಂಚಿನಲ್ಲಿ ಕಿರುಚಿಕೊಂಡು ಓಡಾಡುತ್ತದಲ್ಲ, ಆ ಹಕ್ಕಿ. ಅದು ಮರ ಹತ್ತುವುದಿಲ್ಲ, ಗೂಡು ಹೆಣೆಯುವುದಿಲ್ಲ. ಬರೀ ನೆಲದಲ್ಲಿ, ಜಲ್ಲಿ ಕಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ನಾಯಿ ಬಂದರೆ ನಾಯಿಯ ಮೇಲೆ, ಲಾರಿ ಬಂದರೆ ಲಾರಿಯ ಮೇಲೆ ಎಗರುತ್ತದೆ. ತನ್ನ ಜಾಗ ಬಿಟ್ಟುಕೊಡುವುದಿಲ್ಲ.

ಅದರ ಬೆನ್ನಿನ ಹಾಗೆ ರಾಗಿ ಬಣ್ಣದ ಸೀರೆ ನೇಯಿಸಿದೆ. ಕಾಲಿನ ಹಾಗೆ ಹಳದಿ ಅಂಚು. ಎದೆಯ ಹಾಗೆ ಕಪ್ಪು ರವಿಕೆ, ಕತ್ತಿನ ಸುತ್ತ ಕೆಂಪು ಪೈಪಿಂಗ್. ತೋಳಿನ ಒಳಭಾಗಕ್ಕೆ ಮಾತ್ರ ಬಿಳಿ ಬಟ್ಟೆ ಕೊಟ್ಟೆ. ಕೈ ಇಳಿಬಿಟ್ಟಾಗ ಅದು ಕಾಣುವುದಿಲ್ಲ, ಎತ್ತಿದಾಗ ರೆಕ್ಕೆ ಬಿಚ್ಚಿದ ಹಾಗೆ ಹೊಳೆಯುತ್ತದೆ. ಇದನ್ನು ಯಾವ ರೂಪದರ್ಶಿಗೂ ಹೊಲಿಯಲಿಲ್ಲ. ಅಗೋ, ಮುನಿಕೃಷ್ಣಮ್ಮ ಈಗ ಉಟ್ಟು ಕೂತಿದ್ದಾಳೆ. ಅವಳದೇ ಅಳತೆ, ಅವಳದೇ ಗುಣ.

ಯಾಕೆ ಹೊಲಿದೆ ಎಂದು ಕೇಳಬೇಡವೇ ನೀವು? ಮುನಿಕೃಷ್ಣಮ್ಮ ನಮ್ಮ ಅಧ್ಯಕ್ಷರ ಒಡಹುಟ್ಟಿದ ಅಕ್ಕ. ಅವರ ತಂದೆ ಪಿಳ್ಳಣ್ಣನವರು ಹಾಸಿಗೆ ಹಿಡಿದಾಗ ನೋಡಿಕೊಂಡವಳು ಇವಳು. ಅಪ್ಪನ ಹೊಲದ ಒಂದು ಮೂಲೆಯಲ್ಲಿ ಇವತ್ತಿಗೂ ದಂಟು, ಸಬ್ಬಸಿಗೆ ಬೆಳೆದು ಮಾರಿ ಬದುಕುತ್ತಿರುವವಳೂ ಇವಳೇ. ಅಪ್ಪ ಹೋದ ಮೇಲೆ ಅಲ್ಲಿ ಅಧ್ಯಕ್ಷರ ಅಪಾರ್ಟ್‌ಮೆಂಟ್ ಏಳಬೇಕಾಯಿತು. "ನನ್ನ ಪಾಲು ಬಿಟ್ಟುಕೊಟ್ಟಿದ್ದೇನೆ" ಎಂದು ಅಕ್ಕನಿಗೆ ಸಹಿ ಹಾಕು ಅಂದರು. ಹಾಕಲ್ಲ ಅಂದಳು. ಅಷ್ಟೇ ನೋಡಿ, ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಸೀರೆ ಬರಲಿಲ್ಲ.

ಹಬ್ಬದ ಹಿಂದಿನ ದಿನ ನನ್ನ ಅಂಗಡಿಗೆ ಬಂದು ಕೂತಳು. "ಇಂಗೆ ಮಾಡ್ಬಿಟ್ನಲ್ಲೇ ಮಾಲಾ, ಎತ್ತಿ ಆಡ್ಸಿದ್ ತಮ್ಮ" ಅಂದಳು. ಹಬ್ಬದ ಮಾರನೆಯ ದಿನವೇ ಹೊಲಕ್ಕೆ ಜೆಸಿಬಿ ಬಂತು. ಇವಳು ಅದರ ಮುಂದೆ ಹೋಗಿ ಕೂತಳು. ಡ್ರೈವರ್ "ಎದ್ದೇಳಮ್ಮಾ" ಎಂದು ಕೂಗಿದರೆ, "ನಮ್ಮಪ್ಪನ್ ನೆಲ ಕಣಪ್ಪ ಇದು, ಎದ್ದು ಎಲ್ಲಿಗ್ ಓಗ್ಲಿ?" ಎಂದು ಕೇಳಿದಳು. ಅವನು ಎಂಜಿನ್ ಆಫ್ ಮಾಡಿದ. ಅಲ್ಲೇ ಬದುವಿನ ಹತ್ತಿರ ಒಂದು ಟಿಟ್ಟಿಭ ಅರಚುತ್ತಿತ್ತು. ನಾನು ಎರಡನ್ನೂ ನೋಡಿದೆ, ಅಂಗಡಿಗೆ ಬಂದು ಕತ್ತರಿ ಹಿಡಿದೆ. ತವರು ಕೊಡದಿದ್ದರೆ ಬೇಡ, ನನ್ನ ಗೆಳತಿಗೆ ನಾನು ಕೊಡುತ್ತೇನೆ ಎಂಬ ಸಿಟ್ಟಿನಲ್ಲೇ ಅದಷ್ಟನ್ನೂ ಹೊಲಿದೆ.

ಈಗ ಇದೇ ವೇದಿಕೆಯ ಪರದೆಯ ಪಕ್ಕ ಕಾಯುತ್ತಿರುವ ಆ ತಟ್ಟೆಯ ವಿಷಯಕ್ಕೆ ಬರುತ್ತೇನೆ. ಹಸಿರು ರೇಷ್ಮೆ ಸೀರೆ, ಬಳೆ, ಅರಿಶಿನ ಕುಂಕುಮ, ತೆಂಗಿನಕಾಯಿ. ಅಧ್ಯಕ್ಷರು ಏನೆಂದರು? "ನನ್ನ ಪ್ರೀತಿಯ ಅಕ್ಕನಿಗೆ ಇದೇ ವೇದಿಕೆಯಲ್ಲಿ ತವರಿನ ಉಡುಗೊರೆ ಕೊಡುತ್ತೇನೆ, ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಮ್ಮ ಮನೆಯ ಮನಸ್ತಾಪವೆಲ್ಲ ಮುಗಿಯುತ್ತದೆ" ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಯಾತಕ್ಕೆ ತಟ್ಟಿದಿರಿ? ಸಹಿ ಹಾಕುತ್ತೀಯಾ ಎಂದು ಅವಳನ್ನು ಯಾರು ಕೇಳಿದರು? ತುಂಬಿದ ಸಭೆಯಲ್ಲಿ ತವರಿನ ಅರಿಶಿನ ಕುಂಕುಮವನ್ನು ಯಾವ ಹೆಣ್ಣು ಬೇಡ ಎನ್ನುತ್ತಾಳೆ? ತಗೊಂಡರೆ ಒಪ್ಪಿದ ಹಾಗೆ, ಬಿಟ್ಟರೆ ಗಯ್ಯಾಳಿ. ಇದು ಉಡುಗೊರೆಯೇ? ನನ್ನನ್ನು ಕೇಳಿದರೆ ಇದು ಬಲೆ!

ಗೊತ್ತಿಲ್ಲದೆ ಹೇಳುತ್ತಿಲ್ಲ ನಾನು. ನಾನು ಸಹಿ ಹಾಕಿದ ವರ್ಷ ನನಗೂ ತವರಿನಿಂದ ಇಂಥದೇ ಒಂದು ಸೀರೆ ಬಂದಿತ್ತು, ಮಾವಿನ ಹಣ್ಣಿನ ಬಣ್ಣದ್ದು, ದೊಡ್ಡ ಜರಿ. ಬಹಳ ಚೆನ್ನಾಗಿತ್ತು. ಬೀರುವಿನಲ್ಲಿದೆ, ಮಡಿಕೆ ಬಿಚ್ಚಿಲ್ಲ. ಸಂಜಯನಗರದಲ್ಲಿ ನನ್ನ ಅಂಗಡಿ ಇರುವ ಕಾಂಪ್ಲೆಕ್ಸ್ ನಮ್ಮಪ್ಪನ ದ್ರಾಕ್ಷಿ ತೋಟ ಇದ್ದ ಜಾಗ. ತಿಂಗಳು ತಿಂಗಳು ತಮ್ಮನಿಗೆ ಬಾಡಿಗೆ ಕೊಡುತ್ತೇನೆ. ಒಂದು ದಿನ ತಡವಾದರೆ ಫೋನ್ ಬರುತ್ತದೆ. ಹಬ್ಬಕ್ಕೆ ಬರುವುದಿಲ್ಲ, ಅದಕ್ಕೆ ಬರುತ್ತದೆ. ಇರಲಿ, ನನ್ನ ವಿಷಯ ಬಿಡಿ. ನಾನೇಕೆ ಅದನ್ನು ಎತ್ತಿದೆನೋ. ಸ್ವಲ್ಪ ನೀರು ಕೊಡಿ.

ಆ ತಟ್ಟೆ ಹಿಡಿದು ಪರದೆಯ ಪಕ್ಕ ನಿಂತಿರುವ ಹುಡುಗಿ ರಮ್ಯ, ಅಧ್ಯಕ್ಷರ ಒಬ್ಬಳೇ ಮಗಳು. ಅವಳಿಗೆ ಅಣ್ಣ ಒಬ್ಬನಿದ್ದಾನೆ. ಹೋದ ವಾರ ನನ್ನ ಅಂಗಡಿಗೆ ಬಂದಿದ್ದಳು. "ಆಂಟಿ, ಅತ್ತೆಗೆ ಹೊಲ್ದಂಗೇ ನಂಗೂ ಒಂದ್ ಹೊಲ್ಕೊಡ್ತೀರಾ?" ಅಂದಳು. ಫ್ಯಾಷನ್ನಿಗೇನೋ ಅಂದುಕೊಂಡು ನಕ್ಕು, "ನಿಂಗ್ಯಾಕಮ್ಮಾ ಅಷ್ಟು ಮಂಕು ಬಣ್ಣ?" ಎಂದೆ. ಅವಳು ನಗಲಿಲ್ಲ. "ನನ್ ಮದ್ವೆ ಆದ್ಮೇಲೆ ನಂಗೂ ಒಂದ್ ತಟ್ಟೆ ಕೊಡ್ತಾರಲ್ವಾ ಆಂಟಿ? ಅಷ್ಟ್ರಲ್ಲಿ ಬೇಕು" ಅಂದಳು. ಯಾವ ತಟ್ಟೆ ಎಂದು ನನಗೆ ಇವತ್ತು ತಿಳಿಯಿತು.

ಅನಂತರಾಜು ಅವರೇ, ತಲೆ ಎತ್ತಿ. ನನ್ನನ್ನು ನೋಡಬೇಡಿ, ಮಗಳನ್ನು ನೋಡಿ. ಆ ಮಾತಿಗೆ ಉತ್ತರ ಕೊಡಬೇಕಾದವಳು ನಾನಲ್ಲ. ನೀವು ಹೇಳಿ. ಬೇಕಿದ್ದರೆ ಈ ಮೈಕು ತಗೊಳ್ಳಿ.

ಬೇಡವೇ? ಸರಿ.

ರಮ್ಯ, ಎಷ್ಟು ಹೊತ್ತಿನಿಂದ ಹಿಡಿದು ನಿಂತಿದ್ದೀಯಾ ಕಂದ. ಆ ತಟ್ಟೆ ಕೆಳಗಿಡು. ಅಪ್ಪನ ಮುಖ ನೋಡಬೇಡ. ಇಡು.

ಇಟ್ಟಳು. ನೋಡಿದಿರಾ? ಇಟ್ಟುಬಿಟ್ಟಳು. ಮೆಟ್ಟಿಲಿಳಿದು ಅತ್ತೆಯ ಹತ್ತಿರ ಹೋಗುತ್ತಿದ್ದಾಳೆ, ಸ್ವಲ್ಪ ದಾರಿ ಬಿಡಿ. ಸೋಮವಾರ ನನ್ನ ಅಂಗಡಿ ಬಾಗಿಲು ತೆರೆಯುವುದಿಲ್ಲ, ಗಿರಾಕಿಗಳು ಬೇಜಾರು ಮಾಡಿಕೊಳ್ಳಬೇಡಿ. ನಾವು ಮೂವರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಲ್ಲ, ಮುನಿಕೃಷ್ಣಮ್ಮನ ಹೊಲದಲ್ಲಿ, ಸೊಪ್ಪಿನ ಮಡಿಯ ಹತ್ತಿರ ಇರುತ್ತೇವೆ. ಹುಡುಕುವವರು ಅಲ್ಲಿಗೇ ಬರಬಹುದು.

ಮಾತಾಡಲು ಕರೆದದ್ದಕ್ಕೆ, ನಡುವೆ ಮೈಕು ಆಫ್ ಮಾಡದೇ ಇದ್ದದ್ದಕ್ಕೆ, ನಿಮಗೆಲ್ಲ ನನ್ನ ಧನ್ಯವಾದ. ನಮಸ್ಕಾರ.