ಹುಳುಮನೆಯ ಮೇಲೆ ಬಿದ್ದ ವಿಮಾನದ ಬಗ್ಗೆ

ಹೆಸರು ಆಂಜಿನಪ್ಪ ಬಿನ್ ಲೇಟ್ ಸುಬ್ಬರಾಯಪ್ಪ, ವಯಸ್ಸು 46 ವರ್ಷ, ಕಸುಬು ರೇಷ್ಮೆ ಬೇಸಾಯ, ವಾಸ ಹುತ್ತೂರು, ಕೋಲಾರ ತಾಲ್ಲೂಕು. ಈ ಮೂಲಕ ತಿಳಿಸುವುದೇನೆಂದರೆ,

ನಾನು ಆರನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವನು, ಮಾತು ಹಿಂದುಮುಂದಾದರೆ ಸರಿಮಾಡಿಕೊಳ್ಳಬೇಕು. ನಮ್ಮ ಹುಳುಮನೆ ವಾಸದ ಮನೆಯಿಂದ ಇನ್ನೂರು ಅಡಿ ದೂರ, ಹಿಪ್ಪುನೇರಳೆ ತೋಟದ ಮೂಲೆಯಲ್ಲಿದೆ. ಇತ್ತು.

ದಿನಾಂಕ 18-11-2024ರ ಸೋಮವಾರ ಬೆಳಿಗ್ಗೆ 10 ಗಂಟೆಗೆ ನನ್ನ ಹೆಂಡತಿ ಕದಿರಮ್ಮ ಹುಳುವಿಗೆ ಸೊಪ್ಪು ಹಾಕಲು ಒಳಗೆ ಹೋದಳು. ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಹುಳು. ಈ ಹೊತ್ತಿನಲ್ಲಿ ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ನುಗ್ಗಿದರೆ ಗೂಡು ಕೈಗೆ ಸಿಗುವುದಿಲ್ಲ. ನೊಣ ತಡೆಯುವ ಕಬ್ಬಿಣದ ಬಲೆಯ ಬಾಗಿಲು ಗಾಳಿಗೆ ತೆರೆದುಕೊಳ್ಳುತ್ತಿದ್ದರಿಂದ, ಒಳಗೆ ಒಬ್ಬರಿದ್ದರೆ ಹೊರಗಿನವರು ಚಿಲಕ ಹಾಕುವುದು ನಮ್ಮಲ್ಲಿ ರೂಢಿ. ನಾನು ಬಾಗಿಲ ಹತ್ತಿರ ಹೋದಾಗ ಅವಳು, ಕಾಲು ತೊಳೀದೆ ಒಳಕ್ಕೆ ಬಂದೀಯ, ನಿನಗಿಂತ ಹುಳಾನೇ ವಾಸಿ, ಇದ್ದ ಕಡೆ ಇರ್ತವೆ, ಚಿಲಕ ಹಾಕ್ಕೊಂಡು ಹೋಗು ಎಂದಳು. ಹಾಕಿದೆ. ಹಾಕಿದೆನೋ ಇಲ್ಲವೋ ಎಂದು ಮತ್ತೆ ಹಿಂದಕ್ಕೆ ಹೋಗಿ ಎಳೆದು ನೋಡಿದೆ. ನನಗೆ ಅದೊಂದು ರೋಗ.

10-20ಕ್ಕೆ ತೋಟದ ಆ ತುದಿಯಲ್ಲಿ ಸೊಪ್ಪು ಕೊಯ್ಯುತ್ತಿರುವಾಗ ತರಬೇತಿ ಜೆಟ್ ವಿಮಾನವೊಂದು ಹೊಗೆ ಬಿಡುತ್ತ ತಗ್ಗಿನಲ್ಲಿ ಬಂತು. ಅದು ಊರು ಬಿಟ್ಟು ಕೆರೆಯಂಗಳದ ಕಡೆಗೆ ಹೊರಳುತ್ತಿತ್ತು. ಇದನ್ನು ನಾನು ಕಣ್ಣಾರೆ ಕಂಡೆ, ದಯವಿಟ್ಟು ಬರೆದುಕೊಳ್ಳಬೇಕು. ಹೊರಳುತ್ತಿರುವಾಗಲೇ ಢಂ ಢಂ ಎಂದು ಸದ್ದಾಗಿ ಮೊದಲು ಹಿಂದೆ ಕೂತಿದ್ದ ಪೈಲಟ್, ಅವರ ಬೆನ್ನಿಗೇ ಮುಂದೆ ಕೂತಿದ್ದವರು ಸೀಟಿನ ಸಮೇತ ಮೇಲಕ್ಕೆ ಹಾರಿದರು. ಆಳಿಲ್ಲದ ವಿಮಾನ ಈ ಕಡೆಗೆ ವಾಲಿ ಹುಳುಮನೆಯ ಮೇಲೆ ಬಿತ್ತು.

ನಾನು ಓಡಿದೆ. ಬೆಂಕಿಯಿಂದ ಮೂವತ್ತು ಅಡಿಯೊಳಗೆ ಹೋಗಲಾಗಲಿಲ್ಲ. ಪಕ್ಕದ ತೋಟದ ಎಲ್ಲಪ್ಪ ನನ್ನನ್ನು ತಬ್ಬಿ ಹಿಡಿದುಕೊಂಡನು. ಬಾಗಿಲು ಬಡೀತಾವ್ಳೆ ಬಿಡೋ ಎಂದೆ. ಅದು ಚಾವಣಿ ಶೀಟು ಸಿಡಿಯೋದು ಕಣಣ್ಣ ಎಂದನು. ಯಾವುದೆಂದು ನನಗೆ ಈಗಲೂ ತಿಳಿಯದು.

ಮುಂದಿನ ಸೀಟಿನ ಪೈಲಟ್ ನಮ್ಮ ತೋಟದಲ್ಲೇ ಪ್ಯಾರಾಚೂಟ್ ಸುತ್ತಿಕೊಂಡು ಬಿದ್ದಿದ್ದರು. ಚಿಕ್ಕ ವಯಸ್ಸು, ಕನ್ನಡದವರೇ. ಜನ ಸೇರಿ, ತನ್ ಪ್ರಾಣ ಉಳಿಸ್ಕೊಂಡು ಹಾರ್ಬಿಟ್ನಲ್ಲ ಇವನು ಎಂದು ಬೈಯುತ್ತಿದ್ದರು. ಒಬ್ಬನು ಕಲ್ಲು ಎತ್ತಿದ್ದನು. ಪೈಲಟ್ ಏಳಲಾಗದೆ ಮಲಗಿದ್ದಲ್ಲೇ, ನಾನು ಸೀಟು ಹಾರಿಸೋ ಹಿಡಿ ಎಳೀಲಿಲ್ಲಣ್ಣ, ಹಿಂದಿನವರು ಎಳೆದ್ರೆ ಎರಡು ಸೀಟೂ ತಾನಾಗೇ ಹಾರ್ತವೆ, ಇನ್ನೊಂಚೂರು ಇದ್ದಿದ್ರೆ ಕೆರೆಗೆ ಹಾಕ್ತಿದ್ದೆ ಎಂದು ಅಳುತ್ತಿದ್ದರು. ಹಿಂದಿನವರನ್ನೂ ನಾನು ದೂರಲಾರೆ, ಅವರಿಗೆ ಏನು ಕಂಡಿತ್ತೋ. ಕಲ್ಲು ಬಿಸಾಕ್ರೋ, ವಿಮಾನ ತಿರುಗಿಸ್ತಿದ್ದುದ್ನ ನಾನೇ ನೋಡಿದೀನಿ ಎಂದು ಜನರಿಗೆ ಹೇಳಿದೆ. ಆಗ ಪೈಲಟ್ ನನ್ನ ಕೈ ಹಿಡಿದು, ಆ ಮನೇಲಿ ಯಾರಾದ್ರೂ ಇದ್ರಾ ಎಂದು ಕೇಳಿದರು.

ಯಾರೂ ಇಲ್ಲಪ್ಪ, ಬರೀ ಹುಳ ಎಂದೆ. ಆಂಬುಲೆನ್ಸ್ ಬರುವ ತನಕ ಅವರು ನನ್ನ ಕೈ ಬಿಡಲಿಲ್ಲ.

ಸಂಜೆ 4 ಗಂಟೆಗೆ ಬೆಂಕಿ ಆರಿದ ಮೇಲೆ ತಮ್ಮ ಠಾಣೆಯ ಸಿಬ್ಬಂದಿಗೆ ಕದಿರಮ್ಮ ಬಾಗಿಲ ಹಿಂದೆಯೇ ಸಿಕ್ಕಳು. ಚಿಲಕ ಹಾಕಿದ ಹಾಗೇ ಇತ್ತು.

ಪೈಲಟ್ ಮೇಲೆ ದೂರು ಕೊಡು ಎಂದು ಊರವರು ಹೇಳುತ್ತಿದ್ದಾರೆ. ಕೊಡುವುದಿಲ್ಲ. ಅವರ ಸೀಟು ತಾನಾಗಿ ಹಾರಿತು. ಚಿಲಕ ನಾನು ಹಾಕಿದ್ದು.

ಬರೆದದ್ದನ್ನು ನನಗೆ ಓದಿ ಹೇಳಿದರು, ಎಲ್ಲವೂ ನಿಜ, ನಾನು ಹೇಳಿದಂತೆಯೇ ಇದೆ. ಆ ಪೈಲಟ್ ಹುಡುಗನಿಗೆ ಹೇಳಿದ ಮಾತೊಂದೇ ಸುಳ್ಳು. ಈ ಕಾಗದ ಅವರ ಕೈಗೂ ಹೋಗುತ್ತದೆಯೇ ಎಂದು ಕೇಳಿದೆ. ಹೋಗುತ್ತದೆ ಎಂದು ಬರೆದುಕೊಂಡ ಸಾಹೇಬರು ಹೇಳಿದರು. ಆದರೂ ರುಜು ಹಾಕಿರುತ್ತೇನೆ.

ಸ್ಥಳ: ಕೋಲಾರ
ದಿನಾಂಕ: 19-11-2024
(ಸಹಿ) ಆಂಜಿನಪ್ಪ