ಮುಸುರೆ ನೀರು ಕುಡಿದ ನೆಲ

ಇದು ನಮ್ಮ ಪಕ್ಕದ ಮನೆಯ ನಾರ್ಮನ್‌ಗೆ ಆದದ್ದು. ಅವರಿವರು ಹೇಳಿದ್ದಲ್ಲ, ಅವನ ಬಾಯಿಂದಲೇ ಕೇಳಿದ್ದು. ಹೇಳುವಾಗ ಎರಡು ಸಲ ಎದ್ದು ಹೋಗಿ ಉಗುಳಿ ಬಂದ.

ಡರ್ಬಿಶೈರಿನಲ್ಲಿ ಒಂದು ಕುರಿ ಹೊಲ. ಬೇಸಿಗೆಯಲ್ಲಿ ಅದರ ಯಜಮಾನಿ ಕೆಲವು ಕ್ಯಾರವಾನ್‌ಗಳಿಗೆ, ಅಂದರೆ ಕಾರಿನ ಹಿಂದೆ ಎಳೆದು ತರುವ ಮನೆಗಾಡಿಗಳಿಗೆ, ಜಾಗ ಕೊಡುತ್ತಾಳೆ. ಮನೆಯವರ ಜೊತೆ ಅಲ್ಲಿಗೆ ರಜೆಗೆ ಹೋಗಿದ್ದ ನಾರ್ಮನ್ ಆ ರಾತ್ರಿ ಮುಸುರೆ ನೀರಿನ ಡಬ್ಬ ಹಿಡಿದು ಮೋರಿಯ ಕಡೆ ನಡೆಯುತ್ತಿದ್ದ. ಪಾತ್ರೆ ತೊಳೆದ ನೀರನ್ನು ಕ್ಯಾರವಾನಿನವರು ಹುಲ್ಲಿಗೆ ಚೆಲ್ಲುವ ಹಾಗಿಲ್ಲ, ಮೋರಿಗೇ ಹಾಕಬೇಕು. ಎಲ್ಲ ಕಡೆಯೂ ಅದೇ ಕಟ್ಟಳೆ. ದಾರಿಯಲ್ಲಿ ಒಂದು ಹಾಳು ಬಾವಿ, ಬಾಯಿಗೆ ಕಲ್ಲುಚಪ್ಪಡಿ. ಅಲ್ಲಿಗೆ ಬರುವಾಗ ಗಾಳಿ ಎದ್ದಿತು. ಹಿಂದಿನಿಂದ ಪಟ್... ಪಟ್... ಅಂತ ಸದ್ದು. ಅವನದೇ ಡೇರೆ. ಕ್ಯಾರವಾನಿನ ಒಂದು ಬದಿಗೆ ಬಟ್ಟೆಯ ಕೋಣೆಯ ಹಾಗೆ ಕಟ್ಟುತ್ತಾರಲ್ಲ, ಅದು.

ಬಡಿದುಕೊಳ್ಳದೆ ಏನು ಮಾಡೀತು? ವಾರಗಟ್ಟಲೆ ಮಳೆಯಿಲ್ಲದೆ ನೆಲ ಕಬ್ಬಿಣವಾಗಿತ್ತು. ಗೂಟಗಳು ಬೆರಳಿನಷ್ಟು ಇಳಿದು ಸೊಟ್ಟಗಾಗಿದ್ದವು. ಇನ್ನು ಸುತ್ತಿಗೆ ಎತ್ತುವಂತಿಲ್ಲ, ಯಾಕೆಂದರೆ ಹತ್ತು ಗಂಟೆ ಮೀರಿದ ಮೇಲೆ ಗೂಟ ಹೊಡೆದವನನ್ನು ಉಳಿದ ಕ್ಯಾರವಾನಿನವರು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಆ ಡೇರೆಯೊಳಗೆ ಮಲಗಿದ್ದವಳು ಅವನ ಅತ್ತೆ, ಐವಿ. ಸೊಂಟದ ನೋವಿನಿಂದ ಅವಳಿಗೆ ಕ್ಯಾರವಾನಿನ ಮೆಟ್ಟಿಲು ಹತ್ತಲಾಗದು. ಹೋದ ವರ್ಷ ಇದೇ ಡೇರೆ ಗಾಳಿಗೆ ಕಿತ್ತುಬಂದು ಅವಳ ಮೇಲೆ ಬಿದ್ದು ಕೈ ಮುರಿದಿತ್ತು. ಹೆಂಡತಿ ಬೆರಿಲ್ ಸಂಜೆಯೇ ಹೇಳಿಬಿಟ್ಟಿದ್ದಳು, "ಈ ಸಲ ಅಮ್ಮನಿಗೆ ಏನಾದ್ರೂ ಆದ್ರೆ, ನೀನು ಈ ಗಾಡೀಲೇ ಸಂಸಾರ ಮಾಡ್ಕೋ. ಮನೆಗೆ ಬರಬೇಡ."

ನಾರ್ಮನ್ ಮೋರಿಗೆ ಹೋಗಲಿಲ್ಲ. ವಾಪಸು ಬಂದ. ಗಟ್ಟಿ ನೆಲಕ್ಕೆ ನೀರು ಹುಯ್ದರೆ ಗೂಟ ಇಳಿಯುತ್ತದೆ, ಅದು ಎಲ್ಲರಿಗೂ ಗೊತ್ತು. ನೀರು ಕೈಯಲ್ಲೇ ಇತ್ತು.

"ಏನ್ ಮಾಡ್ತಿದೀಯಾ?" ಡೇರೆಯೊಳಗಿಂದ ಐವಿಯ ಪಿಸುದನಿ.

"ನೆಲ ನೆನೆಸ್ತಿದೀನಿ, ಅತ್ತೆ. ನೀವು ಮಲಗಿ."

"ಆ ಕೊಳಕು ನೀರಿಂದಾನಾ? ಥೂ! ಅದ್ರಲ್ಲಿ ನನ್ನ ಹಲ್ಲಿನ ಸೆಟ್ ತೊಳೆದದ್ದೂ ಇದೆ ಕಣೋ."

"ನೆಲಕ್ಕೇನು ಗೊತ್ತಾಗತ್ತೆ, ಬಿಡಿ."

ಕುರಿಯ ಕೊಬ್ಬು, ಚಹಾದ ಚರಟ, ಬಟಾಣಿ ಸಿಪ್ಪೆ... ಎಲ್ಲ ತೇಲುತ್ತಿದ್ದ ನೀರನ್ನು ಅವನು ನಾಲ್ಕೂ ಗೂಟಗಳ ಬುಡಕ್ಕೆ ಹುಯ್ದ. ನೀರು ಹರಡಲಿಲ್ಲ. ಗುಟುಕ್... ಗುಟುಕ್... ಒಳಗೆ ಇಳಿಯಿತು. ಹಸಿದವರು ಗಂಜಿ ಕುಡಿಯುವ ಸದ್ದು. ಆಮೇಲೆ ಅಂಗೈಯಿಂದ ಒತ್ತಿದರೆ ಸಾಕು, ಗೂಟ ಬುಡದ ತನಕ ಇಳಿಯಿತು. ಬೆಂದ ಮಾಂಸಕ್ಕೆ ಚಾಕು ಇಳಿದ ಹಾಗೆ. ಅವನಿಗೆ ಖುಷಿಯೋ ಖುಷಿ. ಕೈ ಒರೆಸಿಕೊಂಡು ಹೋಗಿ ಮಲಗಿದ.

ಸ್ವಲ್ಪ ಹೊತ್ತಾಗಿರಬೇಕು...

"ನಾರ್ಮನ್... ಏ ನಾರ್ಮನ್..."

ಬಾಗಿಲು ತೆರೆದ. "ಏನತ್ತೆ?"

"ಕೆಳಗೆ ಯಾರೋ ನೆಕ್ತಾ ಇದಾರೆ."

"ನಾಯಿ ಇರಬೇಕು."

"ನಾಯಿ ಆದ್ರೆ ಹೊರಗೆ ನೆಕ್ಕತ್ತೆ. ಇದು ನೆಲಹಾಸಿನ ಅಡಿಗಿದೆ... ಕೇಳು."

ಅವನು ಉಸಿರು ಹಿಡಿದ. ಲೊಚ್... ಲೊಚ್... ಲೊಚ್... ಹಲ್ಲಿಲ್ಲದ ಬಾಯಿ ಮೂಳೆ ಚೀಪುವ ಹಾಗೆ.

ಟಾರ್ಚ್ ಹಿಡಿದು ಹೊರಗೆ ಹೋದ. ನಾಯಿಯಿಲ್ಲ. ಗೂಟದ ಬುಡಕ್ಕೆ ಬೆಳಕು ಬಿಟ್ಟ. ಮಣ್ಣು ಗೂಟದ ಸುತ್ತ ಉಬ್ಬಿ ಮುದುಡಿಕೊಂಡಿತ್ತು. ಮುದುಡುತ್ತಿತ್ತು, ಬಿಡುತ್ತಿತ್ತು. ತುಟಿ ಅಂತ ಅವನು ಹೇಳಲಿಲ್ಲ, ಆದರೆ ತನ್ನ ತುಟಿಯಲ್ಲೇ ಮಾಡಿ ತೋರಿಸಿದ. ಹಳಸಿದ ಕೊಬ್ಬಿನ ವಾಸನೆ ಗಂಟಲಿಗೆ ಹೊಡೆಯಿತು. ಗೂಟ ಹಿಡಿದು ಎಳೆದ. ಬೆಚ್ಚಗಿತ್ತು. ಕೈಗೆ ಲೋಳೆ ಮೆತ್ತಿಕೊಂಡು ಎಳೆ ಎಳೆಯಾಗಿ ಜೋತಿತು. ಅವನು ಅಲ್ಲೇ ವಾಂತಿ ಮಾಡಿಕೊಂಡ. ವಾಂತಿ ಮಾಡಿದ್ದನ್ನೂ ನೆಲ... ಗುಟುಕ್.

ಆಗ ಹಗ್ಗಗಳು ಬಿಗಿದವು. ಗೂಟಗಳು ಒಳಕ್ಕೆ ಹೋಗುತ್ತಿದ್ದವು. ಅವುಗಳ ಜೊತೆ ಡೇರೆಯ ಬಟ್ಟೆ ಚರ್ಮದ ಹಾಗೆ ಜಗ್ಗಿ, ಮೆಲ್ಲಗೆ, ಮುದುಕಿಯ ಮೇಲೆ ಇಳಿಯುತ್ತಿತ್ತು.

"ನಾರ್ಮನ್, ಮಂಚ ಕುಸೀತಿದೆ!"

ಚಾಕುವಿನಿಂದ ಬಟ್ಟೆ ಸೀಳಿ ಒಳಗೆ ನುಗ್ಗಿದ. ಮಡಚು ಮಂಚದ ಕಾಲು ನೆಲಹಾಸನ್ನು ಹರಿದು ಮಣ್ಣಿಗಿಳಿದಿತ್ತು. ಐವಿಯ ಎಡಗಾಲೂ ಆ ತೂತಿನಲ್ಲಿ, ಪಾದ ಮುಳುಗಿ ಹರಡಿನ ತನಕ. ಅವಳು ಕೂಗುತ್ತಿರಲಿಲ್ಲ. ಮುಖ ಕಿವುಚಿಕೊಂಡು, "ಥೂ... ಥೂ... ಬೆಚ್ಚಗಿದೆ ಕಣೋ," ಅನ್ನುತ್ತಿದ್ದಳು.

ಕಂಕುಳಿಗೆ ಕೈ ಹಾಕಿ ಎಳೆದ. ಬಿಡಲಿಲ್ಲ. ಬೆರಿಲ್ ಓಡಿ ಬಂದು ಗಂಡನ ಸೊಂಟ ಹಿಡಿದು ಎಳೆದಳು. ಪ್ಚಕ್ ಅಂತ ಕಾಲು ಕಿತ್ತುಬಂತು. ಮೂವರೂ ಕ್ಯಾರವಾನಿನ ಮೆಟ್ಟಿಲ ಮೇಲೆ ಬಿದ್ದರು. ಅತ್ತೆಯನ್ನು ಹೊತ್ತು ಒಳಗೆ ಹಾಕಿ ಬಾಗಿಲು ಜಡಿದುಕೊಂಡರು.

"ನೆಲಕ್ಕೇನು ಗೊತ್ತಾಗತ್ತೆ ಅಂದ್ಯಲ್ಲ," ಅಂದಳು ಐವಿ.

ಬೆಳಿಗ್ಗೆ ನೆಲ ಮತ್ತೆ ಕಲ್ಲು. ಒದ್ದರೆ ಬೆರಳು ನೋಯುವಷ್ಟು ಗಟ್ಟಿ. ಡೇರೆ, ಗೂಟ, ಮಂಚ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಟುಬಂದರು.

ನಂಬಿಕೆಯಿಲ್ಲದವರಿಗೆ ಇಷ್ಟೇ ಹೇಳುತ್ತೇನೆ. ಐವಿ ಇನ್ನೂ ಇದ್ದಾಳೆ, ನಮ್ಮ ಬೀದಿಯಲ್ಲೇ. ಅವಳ ಕಾಲುಚೀಲ ಬದಲಿಸಲು ಒಂದು ಸಲ ನಾನೇ ಸಹಾಯ ಮಾಡಿದ್ದೇನೆ. ಬಲಗಾಲು ವಯಸ್ಸಾದವರ ಕಾಲು: ಆಣಿ, ಒಡಕು, ಹಳದಿ ಉಗುರು. ಎಡಗಾಲು ಹರಡಿನ ತನಕ ಈಗಷ್ಟೇ ಹುಟ್ಟಿದ ಮಗುವಿನದು. ನುಣ್ಣಗೆ, ಗುಲಾಬಿ ಬಣ್ಣ, ಒಂದು ಗೆರೆಯಿಲ್ಲ. ಉಗುರು ಒಂದೂ ಇಲ್ಲ. ನಾನು ಮುಟ್ಟಿ ನೋಡಿದ್ದೇನೆ... ಸ್ವಲ್ಪ ಒದ್ದೆಯಾಗಿತ್ತು.